ಹೊರಗಿನ ಪೆಟ್ಟಿಗೆ

ಮೊದಲು ಬೈದದ್ದು ರಿಮೋಟನ್ನು.
ಸೆಲ್ ತೆಗೆದು, ನೈಟಿಗೆ ಉಜ್ಜಿ, ತಿರುಗಿ ಹಾಕಿ
ಮಂಜಿನ ಹೂವಿನ ಚಿತ್ರ ಬರುವ ತನಕ ಒತ್ತಿ
ಹದಿನೆಂಟಕ್ಕೆ ಇಳಿಸಿದೆ.
ಅಂಕಿ ಹದಿನೆಂಟು. ಗಾಳಿ ಮಾತ್ರ
ಬಸ್ಸಿನ ಇಂಜಿನ್ನಿನ ಪಕ್ಕದ ಸೀಟಿನದು.

ತುಮಕೂರು, ಉಪ್ಪಾರಹಳ್ಳಿ, ಏಪ್ರಿಲ್ ಹತ್ತೊಂಬತ್ತು.
ಕೂಸಿನ ಬೆನ್ನ ತುಂಬ ಬೆವರುಸಾಲೆ
ರಾಗಿ ಚೆಲ್ಲಿದ ಹಾಗೆ.
ಅವಳಿಗೆಂದೇ ತಂದದ್ದು ಇದನ್ನು,
ಇನ್ನೂ ಏಳು ಕಂತು ಬಾಕಿ.

ಜಾಲರಿ ಬಿಚ್ಚಿ ಬಚ್ಚಲಲ್ಲಿ ತೊಳೆದೆ.
ಕೂದಲು, ಪೌಡರು, ದಿಂಬಿನ ಹತ್ತಿ
ಎಲ್ಲ ಕೂಡಿ ಬೂದು ಕಂಬಳಿಯ ತುಂಡಾಗಿ
ನೀರು ಹೋಗುವ ತೂತಿಗೆ ಕೂತಿತು.
ಒಣಗಿಸಿ ಹಾಕಿದೆ. ಬಿಸಿಯೇ.
"ವೋಲ್ಟೇಜ್ ಸಾಲಲ್ಲ ಕಣೆ," ಅಂದರು ಇವರು,
ಪೇಪರಿನಿಂದ ತಲೆ ಎತ್ತದೆ.
ಅತ್ತೆಯದು ಎಂದಿನ ಮಾತು:
"ಆ ದುಡ್ಡಿಗೆ ಒಂದು ಕಡಸು ಬರ್ತಿತ್ತು."

ಜಬೀವುಲ್ಲಾ ಬಂದ,
ಸ್ಕೂಟರಿನಲ್ಲಿ ಕಾಲಿಡುವ ಕಡೆ ಗ್ಯಾಸಿನ ಸಿಲಿಂಡರು,
ಕಾಲು ಎರಡೂ ಹೊರಗೆ.
ಬಂದವನೇ ಏನನ್ನೂ ಬಿಚ್ಚಲಿಲ್ಲ,
ಗಾಳಿ ಬರುವಲ್ಲಿ ಅಂಗೈ ಹಿಡಿದು ನಿಂತ,
ಮಗುವಿನ ಹಣೆ ಮುಟ್ಟಿದವನ ಹಾಗೆ.
"ಯಾವಾಗಿಂದ ಮೇಡಂ?"
ಯುಗಾದಿ ಆದ ಮೇಲಿಂದ.
"ರಾತ್ರಿ ಹೊತ್ತು?"
ಯೋಚಿಸಿದೆ. ರಾತ್ರಿ ಮೂರಕ್ಕೆ ಚಳಿಯಾಗಿ
ಹೊದಿಕೆ ಎಳಕೊಂಡದ್ದುಂಟು.
"ಹಾಗಾದ್ರೆ ಹಗಲು ಮಾತ್ರ."
ಹೌದಲ್ಲ, ಹಗಲು ಮಾತ್ರ.

ಮಿಷನ್ನಿನ ಹಿಂದೆ, ಪೈಪು ಸೇರುವ ನಟ್ಟಿಗೆ
ಸೋಪಿನ ನೊರೆ ಹಚ್ಚಿದ.
ಇಬ್ಬರೂ ಉಸಿರು ಹಿಡಿದು ನೋಡಿದೆವು.
ಗುಳ್ಳೆ ಏಳಲಿಲ್ಲ.
"ಹೊರಗಿನ ಪೆಟ್ಟಿಗೆ ಎಲ್ಲಿದೆ?"

ನಮ್ಮ ಗೋಡೆಗೂ ಪಕ್ಕದ ಗೋಡೆಗೂ ನಡುವೆ
ಎರಡೂವರೆ ಅಡಿ ಸಂದು.
ಅಡ್ಡಡ್ಡ ತೂರಿಕೊಂಡು ಹೋದವನು
ಅಲ್ಲಿಂದಲೇ ಕೂಗಿದ: "ಇಲ್ಲಿ ಬನ್ನಿ ಸ್ವಲ್ಪ."
ಹಾಕಿಸಿದ ದಿನದಿಂದ ನಾನು ಕಾಲಿಡದ ಜಾಗ.

ಪೆಟ್ಟಿಗೆಯ ಮೂತಿಗೆ ಒಂದು ಗೇಣು ಬಿಟ್ಟು
ಇಳಿಬಿದ್ದಿತ್ತು ಹಳೆಯ ಫ್ಲೆಕ್ಸು,
ಮೂಲೆ ಹಾರದಂತೆ ಕಲ್ಲು ಕಟ್ಟಿ.
'ಹುಟ್ಟುಹಬ್ಬದ ಹಾರ್ದಿಕ ಶುಭಾ'
ಅಲ್ಲಿಗೆ ಕತ್ತರಿಸಿದೆ.
ಕೆಳಗೆ ಯಾರೋ ಅಣ್ಣ, ಅರ್ಧ ಮೀಸೆ,
ನಮ್ಮ ಫ್ಯಾನಿಗೆ ಕೈ ಮುಗಿದು ನಿಂತಿದ್ದಾನೆ.

"ಬಿಟ್ಟ ಬಿಸೀನೇ ತಿರುಗಿ ಕುಡೀತಿದೆ ಮೇಡಂ.
ಮಿಷನ್ನಿಂದು ತಪ್ಪಿಲ್ಲ.
ಇದೇನು ತಂಪು ತಯಾರ್ ಮಾಡುತ್ತಾ?
ಒಳಗಿನ ಬಿಸಿ ಹೊತ್ಕೊಂಡ್ಬಂದು
ಹೊರಗೆ ಚೆಲ್ಲುತ್ತೆ, ಅಷ್ಟೆ."

ಫ್ಲೆಕ್ಸಿನ ಹಿಂದೆ ಕಿಟಕಿ. ಕಿಟಕಿಯ ಹಿಂದೆ ಒಲೆ.
ಒಲೆಯ ಹಿಂದೆ ಲಟ್ಟಣಿಗೆ ನಿಲ್ಲಿಸದೆ ರಂಗಲಕ್ಷ್ಮಮ್ಮ,
ಹಾಸ್ಟೆಲಿಗೆ ದಿನವೂ ಇನ್ನೂರು ಚಪಾತಿ.
"ನಾನೇ ಕಟ್ಟಿದ್ದು ಕಣಮ್ಮ. ರಾತ್ರಿ ಬಿಚ್ತೀನಿ.
ಹೇಳೋಣ ಅಂತ ಎರಡು ಸಲ ಬಾಗಿಲ ತನಕ ಬಂದಿದ್ದೆ.
ಕೂಸಿನ ಬೆನ್ನು ನೋಡಿ
ಬಾಯಿ ಬರಲಿಲ್ಲ."

ಪೆಟ್ಟಿಗೆಗೂ ಫ್ಲೆಕ್ಸಿಗೂ ಮಧ್ಯೆ ನಿಂತೆ.
ಹುಬ್ಬು ಒಣಗಿತು. ಮೂಗಿನ ಬೊಟ್ಟು ಕಾದು ಚುರ್ ಎಂದಿತು.
ಎರಡು ಬೇಸಿಗೆ
ಬಾಗಿಲು ಭದ್ರ ಹಾಕಿಕೊಂಡು
ನಾವು ಹೊರಗೆ ಹಾಕಿದ ಮಧ್ಯಾಹ್ನಗಳೆಲ್ಲ
ಈ ವಿಳಾಸಕ್ಕೇ ಬಂದಿದ್ದವು.

ತಾರಸಿಗೆ ಎತ್ತಿಸಬಹುದು, ಅಂದ ಜಬೀವುಲ್ಲಾ.
ಸ್ಟ್ಯಾಂಡು, ಹದಿನಾಲ್ಕು ಅಡಿ ತಾಮ್ರದ ಪೈಪು, ಹೊಸ ಗ್ಯಾಸು,
ಆರು ಸಾವಿರದ ಮೇಲೆ.
ಬಂದದ್ದಕ್ಕೆ ಇನ್ನೂರು ಇಸಕೊಂಡ,
ಕಿಟಕಿಯಿಂದ ಬಂದ ಬಿಸಿ ಚಪಾತಿ ಸುರುಳಿ ಸುತ್ತಿ
ಸಂದಿಯಲ್ಲೇ ತಿಂದು ಹೋದ.
ಮುಂದಿನ ತಿಂಗಳು ನೋಡೋಣ, ಅಂದರು ಇವರು.

ಅಲ್ಲಿವರೆಗೆ ಹೀಗೆ:
ಎರಡು ಗಂಟೆಗೆ ಕೊನೆಯ ಚಪಾತಿ ಡಬ್ಬಿ ಸೇರುತ್ತದೆ.
ಒಲೆ ಆರಿಸಿ, ಅಣ್ಣನನ್ನು ಮೀಸೆ ಸಮೇತ ಮೇಲಕ್ಕೆ ಸುತ್ತಿ,
ಕಿಟಕಿ ಮುಚ್ಚುವ ಮುಂಚೆ ಲಟ್ಟಣಿಗೆಯಿಂದ
ಗೋಡೆಗೆ ಎರಡು ಸಲ ಬಡಿಯುತ್ತಾರೆ ರಂಗಲಕ್ಷ್ಮಮ್ಮ.
ಆಗ ನಾನು ರಿಮೋಟು ಒತ್ತುತ್ತೇನೆ.

ನಿನ್ನೆ ಎರಡೂಕಾಲಾದರೂ ಬಡಿತವಿಲ್ಲ.
ಹಾಸ್ಟೆಲಿನಲ್ಲಿ ಊಟಕ್ಕೆ ಜನ ಹೆಚ್ಚಿತ್ತೇನೋ.
ಬೀಸಣಿಗೆ ಬೀಸುತ್ತ
ಗೋಡೆಗೆ ಕಿವಿ ಕೊಟ್ಟು ಕೂತೆ.
ಕೂಸು ಬೆವರುತ್ತಲೇ
ನಿದ್ದೆ ಹೋಗಿತ್ತು.